ಬಾಳಪ್ಪನ ಹೆಪ್ಪು

ಹೊಳೆ ಇದ್ದಲ್ಲಿ ಒಂದು ಆಶ್ರಮ ಇರುತ್ತದೆ. ಆಶ್ರಮ ಇದ್ದಲ್ಲಿ ಒಬ್ಬ ಬಲು ಜಾಣ ಶಿಷ್ಯ ಇರುತ್ತಾನೆ. ಬಲು ಜಾಣ ಶಿಷ್ಯ ಇದ್ದಲ್ಲಿ, ಪಾಪ, ಗುರುವಿಗೆ ಕೈತುಂಬ ಕೆಲಸ ಇರುತ್ತದೆ.

ಮಲಪ್ರಭೆಯ ದಂಡೆಯ ಈ ಆಶ್ರಮವನ್ನು ಊರವರು ಮಠ ಎನ್ನುತ್ತಿದ್ದರು. ಅದರ ಗುರುವನ್ನು ಹೊಳೆಯಜ್ಜ ಎನ್ನುತ್ತಿದ್ದರು. ಎಪ್ಪತ್ತೈದು ದಾಟಿದ ಜೀವ. ಬಾಯಲ್ಲಿ ಉಳಿದದ್ದು ನಾಲ್ಕು ಹಲ್ಲು, ನಗು ಮಾತ್ರ ಮೂವತ್ತೆರಡು ಹಲ್ಲಿನದು.

ಶಿಷ್ಯ ಒಬ್ಬನೇ. ಹೆಸರು ಅಡಿವೆಪ್ಪ, ವಯಸ್ಸು ಇಪ್ಪತ್ತೆರಡು. ಹತ್ತು ವರ್ಷದವನಿದ್ದಾಗ ಅವನ ಅವ್ವ ಕರಕೊಂಡು ಬಂದು ಅಜ್ಜನ ಪಾದಕ್ಕೆ ಹಾಕಿ ಹೋಗಿದ್ದಳು. ಹುಟ್ಟಿದ ಕೂಸುಗಳೆಲ್ಲ ಹೋದವು, ಇದೊಂದು ಉಳಿದರೆ ಮಠಕ್ಕೆ ಬಿಡುತ್ತೇನೆ ಎಂದು ಹರಕೆ ಹೊತ್ತಿದ್ದಳಂತೆ. ಕೂಸು ಉಳಿಯಿತು. ಹರಕೆಯೂ ಉಳಿಯಿತು.

ಬರುವ ದವನದ ಹುಣ್ಣಿಮೆಗೆ ಅಡಿವೆಪ್ಪನಿಗೆ ಕಾವಿ ಕೊಡುವುದೆಂದು ನಿಶ್ಚಯವಾಗಿತ್ತು. ಕಾವಿ ಉಟ್ಟರೆ ಮುಗಿಯಿತು. ಮನೆ ಇಲ್ಲ, ಮಡದಿ ಇಲ್ಲ. ಅಜ್ಜನ ತರುವಾಯ ಮಠ ಅವನದೇ. ಹುಣ್ಣಿಮೆಗೆ ಇನ್ನು ಒಂಬತ್ತು ದಿನ ಇತ್ತು.

ಅಡಿವೆಪ್ಪನಿಗೆ ಕಾವಿ ಬೇಡವಾಗಿತ್ತು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಬಾಯಿ ಬರುತ್ತಿರಲಿಲ್ಲ.

ಯಾಕೆ ಬೇಡ ಅಂತೀರಾ? ಊರಿನ ಆ ತುದಿಗೆ ಎಣ್ಣೆ ತೆಗೆಯುವ ಗಾಣದವರ ಮನೆ. ಆ ಮನೆಯ ಮಗಳು ನಿಂಬೆವ್ವ. ಇನ್ನೇನು ಬಿಡಿಸಿ ಹೇಳಲಿ, ನಿಮಗೆ ತಿಳಿಯಿತಲ್ಲ.

ಅವನೂ ಗಾಣದವರ ಮಗನೇ, ಎರಡು ಹರದಾರಿ ಆಚೆಯ ಊರಿನವನು. ಕುಲಗೋತ್ರದ ತಕರಾರು ಇರಲಿಲ್ಲ. ತಕರಾರು ಇದ್ದದ್ದು ನಾಲಗೆಯದು. ವಾದಕ್ಕೆ ಕೂತರೆ ನಾಲ್ಕು ಊರಿನ ಶಾಸ್ತ್ರಿಗಳ ಬಾಯಿ ಕಟ್ಟುವ ಹುಡುಗ, ಆ ಹುಡುಗಿಯ ಎದುರು 'ನೀರು' ಎಂಬ ಮಾತಿನ ಮೇಲೆ ಇನ್ನೊಂದು ಮಾತು ಆಡಿದವನಲ್ಲ.

ಆ ನೀರಿನ ಸಂಗತಿ ಹೇಳಿಬಿಡುತ್ತೇನೆ.

ಮಠದ ಭಿಕ್ಷೆಗೆ ಒಂದು ನಿಯಮ ಇತ್ತು. ದಿನಕ್ಕೆ ಐದೇ ಮನೆ. ಇವತ್ತು ಬೇಡಿದ ಮನೆಯಲ್ಲಿ ಎಂಟು ದಿನ ಬೇಡುವ ಹಾಗಿಲ್ಲ. ಒಂದೇ ಮನೆಯ ಉಪ್ಪಿಗೆ ನಾಲಗೆ ಅಂಟಿಕೊಳ್ಳಬಾರದು ಎಂದು ಹಿರಿಯರು ಮಾಡಿಟ್ಟ ನಿಯಮ.

ಅಡಿವೆಪ್ಪ ನಿಯಮ ಮುರಿದವನಲ್ಲ, ಶಿವಶಿವಾ! ಐದು ಮನೆ ಬೇಡಿ ಆದ ಮೇಲೆ ಗಾಣದ ಮನೆಯ ಮುಂದೆ ನಿಂತು "ನೀರು" ಎನ್ನುತ್ತಿದ್ದ, ಅಷ್ಟೇ. ನೀರು ಕೇಳಿದರೆ ಭಿಕ್ಷೆ ಆಗುತ್ತದೆಯೇ? ಆಗುವುದಿಲ್ಲ.

ನಿಂಬೆವ್ವ ತಂಬಿಗೆ ತುಂಬ ನೀರು ಕೊಡುತ್ತಿದ್ದಳು. ಮಠದ ಮರಿದೇವರಿಗೆ, ಎಂದರೆ ಮುಂದೆ ಸ್ವಾಮಿಯಾಗುವವನಿಗೆ, ಬರೀ ನೀರು ಕೊಟ್ಟು ಕಳಿಸಬಾರದು ಎಂದು ಜೋಳಿಗೆಗೆ ಒಂದು ರೊಟ್ಟಿಯನ್ನೂ ಹಾಕುತ್ತಿದ್ದಳು. ಒಂದೇ ರೊಟ್ಟಿ. ಎಳ್ಳು ಹಚ್ಚಿದ್ದು.

ಎಳ್ಳು ಹಚ್ಚಿದ ರೊಟ್ಟಿಯನ್ನು ಆ ಸೀಮೆಯಲ್ಲಿ ಸಂಕ್ರಮಣದ ಭೋಗಿಗೆ ಮಾಡುತ್ತಾರೆ. ಹಬ್ಬ ಮುಗಿದರೆ ಎಳ್ಳೂ ಮುಗಿಯಿತು. ಭೋಗಿ ಕಳೆದು ಮೂರು ತಿಂಗಳಾದರೂ ಗಾಣದ ಮನೆಯ ಒಂದು ರೊಟ್ಟಿಗೆ ಮಾತ್ರ ಎಳ್ಳು ತಪ್ಪಿರಲಿಲ್ಲ. ಗಾಣದವರ ಮನೆ, ಎಳ್ಳಿಗೇನು ಬರ ಎಂದುಕೊಂಡಿದ್ದ ಅಡಿವೆಪ್ಪ. ಜಾಣರಿಗೆ ಎಲ್ಲದಕ್ಕೂ ಒಂದು ಕಾರಣ ಸಿಕ್ಕಿಬಿಡುತ್ತದೆ ನೋಡಿ.

ಮಧ್ಯಾಹ್ನ ಜೋಳಿಗೆ ಬಿಚ್ಚಿದಾಗ ಹೊಳೆಯಜ್ಜ ಎಂಟು ಹತ್ತು ರೊಟ್ಟಿಗಳ ನಡುವೆ ಕೈಯಾಡಿಸಿ ಎಳ್ಳಿನ ರೊಟ್ಟಿಯನ್ನೇ ಎತ್ತಿಕೊಳ್ಳುತ್ತಿದ್ದರು. ನೀರಲ್ಲಿ ನೆನೆಸಿ, ನಾಲ್ಕು ಹಲ್ಲಲ್ಲಿ ನಿಧಾನ ತಿನ್ನುತ್ತಿದ್ದರು. ಒಂದು ದಿನವೂ ಯಾರ ಮನೆಯದು ಎಂದು ಕೇಳಿರಲಿಲ್ಲ.

ಕಾವಿಗೆ ಮುಂಚೆ ಇನ್ನೊಂದು ಪದ್ಧತಿ ಇತ್ತು. ಗುರು ಒಂದು ಪದ್ಯ ಕೊಡಬೇಕು, ಶಿಷ್ಯ ಅರ್ಥ ಹೇಳಬೇಕು. ಅರ್ಥ ಗುರುವಿಗೆ ಒಪ್ಪಿಗೆಯಾದರೆ ಕಾವಿ. ಇಲ್ಲವಾದರೆ ಮುಂದಿನ ವರ್ಷದ ಮಾತು. ಹಿಂದಿನ ಶಿಷ್ಯರಲ್ಲಿ ಒಬ್ಬನಿಗೆ ಉಪನಿಷತ್ತಿನ ಮಂತ್ರ ಸಿಕ್ಕಿತ್ತು, ಇನ್ನೊಬ್ಬನಿಗೆ ಬೆಡಗಿನ ವಚನ.

ಅಡಿವೆಪ್ಪ ಮಡಿಯುಟ್ಟು, ತಾಳೆಗರಿಯ ಕಟ್ಟು ಮುಂದಿಟ್ಟುಕೊಂಡು ಕೂತ.

"ಅದನ್ನ ಒಳಗ ಇಡಪ್ಪ," ಎಂದರು ಅಜ್ಜ. "ನಿಂದು ಬಾಯಾಗಿನ ಪದ್ಯ."

ಕಣ್ಣು ಮುಚ್ಚಿ, ತೊಡೆ ತಟ್ಟುತ್ತ, ಬೀಸುಕಲ್ಲಿನ ಧಾಟಿಯಲ್ಲಿ ಹಾಡಿದರು:

ಹೆಪ್ಪ ಕೊಡರೆಂದು ಬಂದಾನ ಬಾಳಪ್ಪ
ಹೊಸ್ತಿಲ ದಾಟವಲ್ಲ, ಮುಖ ಎತ್ತವಲ್ಲ
ಕೈಯಾನ ಬಟ್ಟಲ ಕಂಬಕ್ಕ ಹಿಡದಾನ
ಕಂಬೇನ ಹೆಪ್ಪ ಕೊಟ್ಟೀತ?

ನಿನ್ನೇನ ಬಂದಿದ್ದಿ, ಮೊನ್ನೇನ ಬಂದಿದ್ದಿ
ನಿಮ್ಮೆಮ್ಮಿ ಹಾಲೆಷ್ಟ ಕೊಡತೈತಿ?
ಅಂದರ ಬಾಳಪ್ಪನ ಕಿವಿಯೆಲ್ಲ ಕೆಂಪಾತ
ಎಮ್ಮಿ ಬತ್ತಿ ಆರ ತಿಂಗಳಾತ!

ಬಟ್ಟಲ ತುಂಬಿಲ್ಲ, ಬೆರಳ ತುದಿಯಷ್ಟ
ಹೆಪ್ಪ ಹಚ್ಚಿ ಕೊಟ್ಟಾಳ ನಗಿ ನುಂಗಿ
ಒಯ್ದೇನ ಮಾಡ್ಯಾನ? ದಾರ್ಯಾಗ ನೆಕ್ಕಿಸ್ಯಾನ
ಓಣಿಯ ನಾಯಿ ದಪ್ಪಾತ!

ಅಡಿವೆಪ್ಪನ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಅಜ್ಜಾರ, ಇದು ಹೆಣ್ಮಕ್ಕಳು ಬೀಸುವಾಗ ನಕ್ಕೊಂತ ಹಾಡೂ ಹಾಡರಿ."

"ಹೌದು."

"ಒಬ್ಬ ನಾಚಿಕಿ ಬುರುಕ, ಹುಡುಗಿ ಮನಿಗೆ ದಿನಾ ಹೆಪ್ಪು ಕೇಳಾಕ ಹೋಗ್ತಾನ. ಇದರಾಗ ಅರ್ಥ ಏನೈತ್ರಿ?"

"ಅದನ್ನ ನಾ ನಿನಗ ಕೇಳಾಕ ಹತ್ತೀನಿ."

ಅಡಿವೆಪ್ಪನಿಗೆ ಒಳಗೊಳಗೇ ಬೇಸರವಾಯಿತು. ಹನ್ನೆರಡು ವರ್ಷ ಓದಿದ್ದಕ್ಕೆ ಬಂದದ್ದು ಎಮ್ಮೆ, ನಾಯಿ, ಹೆಪ್ಪು. ಆದರೂ ಗುರು ಕೊಟ್ಟದ್ದು. ಅದರಲ್ಲಿ ಏನೋ ಗುಟ್ಟು ಇರಲೇಬೇಕು ಎಂದು ಎರಡು ದಿನ ಹೊಳೆಯ ಮೆಟ್ಟಿಲ ಮೇಲೆ ಕೂತು ತಲೆ ಕೆರೆದುಕೊಂಡ.

ಮೂರನೆಯ ದಿನ ಬೆಳಿಗ್ಗೆ ಅರ್ಥ ಸಿದ್ಧವಾಗಿತ್ತು.

"ಎಮ್ಮಿ ಅಂದರ ಮನಸ್ಸು ರೀ. ಹಾಲು ವಿಷಯಸುಖ. ಅದು ಬತ್ತಿತು ಅಂದರ ವೈರಾಗ್ಯ ಬಂತು. ಹೆಪ್ಪು ಅಂದರ ಗುರುಕೃಪಾ. ಒಂದು ಹನಿ ಬಿದ್ದರ ಇಡೀ ಗಡಿಗಿ ಗಟ್ಟಿ ಆಗ್ತೈತಿ. ಬಾಳಪ್ಪ ಜೀವ, ಆ ಹುಡುಗಿ ಶಕ್ತಿ, ಕಂಬ ಬೆನ್ನೆಲುಬಿನಾಗಿನ ನಾಡಿ."

ಅಜ್ಜ ತೂಕಡಿಸುತ್ತಿದ್ದರು.

"ಅಜ್ಜಾರ?"

"ಹೂಂ. ನಾಯಿ?"

"ನಾಯಿ ಅಂದರ ಮಾಯಾ ರೀ."

"ಪಾಪ, ನಾಯಿ," ಎಂದರು ಅಜ್ಜ. ಆಮೇಲೆ ಕಣ್ಣು ತೆರೆದು ಕೇಳಿದರು, "ಹಾಡು ಕೇಳಿ ನೀ ನಕ್ಕಿಯೇನು?"

"ಇಲ್ಲರಿ."

"ಹಂಗಾರ ನೀ ಇನ್ನೂ ಕೇಳಿಲ್ಲ."

ಅಡಿವೆಪ್ಪ ಮತ್ತೆರಡು ದಿನ ಕೂತ. ಐದನೆಯ ದಿನ ಇನ್ನೊಂದು ಅರ್ಥ ತಂದ. ಈ ಸಲ ಮಾಯೆ, ನಾಡಿ ಎಲ್ಲ ಬಿಟ್ಟಿದ್ದ. ಪ್ರಾಸ ಎಲ್ಲಿ, ಅಲಂಕಾರ ಎಲ್ಲಿ, ಕಂಬಕ್ಕೆ ಬಟ್ಟಲು ಹಿಡಿದದ್ದರಲ್ಲಿ ಹಾಸ್ಯರಸ ಹೇಗೆ ಹುಟ್ಟಿತು, ಎಲ್ಲವನ್ನೂ ಅವರೇಕಾಯಿ ಸುಲಿದ ಹಾಗೆ ಸುಲಿದಿಟ್ಟ.

"ಬಾಳಪ್ಪ ಮೂಢ ರೀ," ಎಂದು ಮುಗಿಸಿದ. "ಮೂಢನ್ನ ನೋಡಿ ನಮಗ ನಗಿ ಬರ್ತೈತಿ. ಇಷ್ಟ ಇದರ ಅರ್ಥ."

"ಎಮ್ಮಿ ಬತ್ತಿದ್ದು ಆ ಹುಡುಗಿಗೆ ಗೊತ್ತಿತ್ತೋ, ಇಲ್ಲೋ?"

ಅಡಿವೆಪ್ಪ ಯೋಚಿಸಿದ. "ಗೊತ್ತಿರಲಿಕ್ಕಿಲ್ಲರಿ. ಗೊತ್ತಿದ್ದರ ಹೆಪ್ಪು ಯಾಕ ಕೊಡತಿದ್ದಳು?"

"ಬೆರಳ ತುದಿಯಷ್ಟ ಯಾಕ ಕೊಟ್ಟಳು?"

"ಜಿಪುಣಿ ಇರಬೇಕ್ರಿ."

ಅಜ್ಜ ಹಣೆ ಹಣೆ ಬಡಿದುಕೊಂಡರು. "ಅಯ್ಯ ನನ್ನ ಶಿವನ! ಹನ್ನೆರಡು ವರ್ಷ ಹಿಟ್ಟು ಹಾಕಿ ನಾ ಇದನ್ನ ಬೆಳಿಸಿದೆನಲ್ಲ!"

ಅಡಿವೆಪ್ಪ ತಲೆ ತಗ್ಗಿಸಿದ. ಅವನಿಗೆ ಅವಮಾನವಾಯಿತು, ಅದರ ಹಿಂದೆಯೇ ಒಂದು ಆಸೆಯೂ ತಲೆ ಎತ್ತಿತು. ಅರ್ಥ ತಪ್ಪಾದರೆ ಕಾವಿ ಇಲ್ಲ. ಬೇಕೆಂದೇ ತಪ್ಪು ಹೇಳುತ್ತ ಹೋದರೆ ಒಂದು ವರ್ಷ ಸಿಗುತ್ತದೆ. ಒಂದು ವರ್ಷ ಎಳ್ಳಿನ ರೊಟ್ಟಿ. ಆ ಯೋಚನೆ ಬಂದದ್ದಕ್ಕೇ ಅವನ ಕಿವಿ ಬಿಸಿಯಾಯಿತು.

ಅಜ್ಜ ಎದ್ದು ಒಳಗೆ ಹೋಗಿ ಒಂದು ಹಿತ್ತಾಳೆಯ ಬಟ್ಟಲು ತಂದರು.

"ಹೋಗಿ ಊರಾಗ ಹೆಪ್ಪು ಬೇಡಿಕೊಂಡ ಬಾ."

"ಹೆಪ್ಪೇನ್ರಿ? ಮಠದಾಗ ಆಕಳಿಲ್ಲ, ಎಮ್ಮಿಲ್ಲ. ಇವತ್ತ ಯಾರೂ ಹಾಲೂ ಕೊಟ್ಟಿಲ್ಲರಿ."

"ಬಾಳಪ್ಪಗೂ ಇರಲಿಲ್ಲ. ಹೋಗು."

ಅಡಿವೆಪ್ಪ ಬಟ್ಟಲು ಹಿಡಿದು ಹೊರಟ. ಚೈತ್ರದ ಬಿಸಿಲು ಆಗಲೇ ಏರಿತ್ತು. ಜೋಳಿಗೆ ಹಿಡಿದು ಹನ್ನೆರಡು ವರ್ಷ ತಿರುಗಿದ ಓಣಿ, ಬಟ್ಟಲು ಹಿಡಿದು ಕಾಲಿಟ್ಟರೆ ಬೇರೆ ಊರಿನಂತೆ ಕಂಡಿತು.

ಮೊದಲನೆಯ ಮನೆ ದ್ಯಾಮವ್ವನದು. ಆಕೆ ಊರಿಗೆಲ್ಲ ದೊಡ್ಡ ಬಾಯಿಯ ಮುದುಕಿ.

"ಹೆಪ್ಪೇನ್ರಿ ಮರಿದೇವರ? ಮಠದಾಗ ಆಕಳ ಕಟ್ಟೀರೇನು?"

"ಇಲ್ಲವ್ವ."

"ಯಾರರ ಹಾಲು ಕೊಟ್ಟಾರೇನು?"

"ಇಲ್ಲವ್ವ."

"ಮತ್ತ ಹೆಪ್ಪು ಯಾತಕ್ಕರಿ? ಗಡ್ಡಕ್ಕ ಹಚ್ಚಿಕೊಳ್ಳಾಕೇನು?"

ಅಡಿವೆಪ್ಪ ಅಲ್ಲಿಂದ ಕಾಲಿಗೆ ಬುದ್ಧಿ ಹೇಳಿದ. ಹಿಂದಿನಿಂದ ದ್ಯಾಮವ್ವನ ನಗು ಓಣಿಯುದ್ದಕ್ಕೂ ಬಂತು. ಎರಡನೆಯ ಮನೆಯ ಮುಂದೆ ನಿಂತ, ಬಾಯಿ ತೆರೆಯುವ ಮುಂಚೆಯೇ ಮುಂದೆ ಹೋದ. ಮೂರನೆಯ ಮನೆಯ ಮುಂದೆ ನಿಲ್ಲಲೂ ಇಲ್ಲ.

ಆಗ ಅವನಿಗೆ ಬಾಳಪ್ಪನ ನೆನಪಾಯಿತು. ತಾನು ಒಂದು ದಿನ, ಒಂದು ಮನೆಯಲ್ಲಿ ಕೇಳಿದ್ದಕ್ಕೆ ಈ ಗತಿ. ಆ ಪುಣ್ಯಾತ್ಮ ಆರು ತಿಂಗಳು ದಿನಾ ಹೋಗಿದ್ದ. ದಿನಾ ಕಿವಿ ಕೆಂಪು ಮಾಡಿಕೊಂಡು, ದಿನಾ ತಿರುಗಿ ಅದೇ ಬಾಗಿಲಿಗೆ ಹೋಗಿದ್ದ. ಅವನನ್ನು ಮೂಢ ಎಂದು ಬಿಟ್ಟೆನಲ್ಲ ಎಂದು ಅಡಿವೆಪ್ಪನಿಗೆ ನಿಜವಾಗಿಯೂ ಬೇಜಾರಾಯಿತು.

ಕಾಲು ಎಲ್ಲಿಗೆ ಹೋಗಿ ನಿಂತವು ಎಂದು ಬೇರೆ ಹೇಳಬೇಕೇ?

ಗಾಣದ ಮನೆಯ ಹಿತ್ತಲಲ್ಲಿ ಎತ್ತು ತಿರುಗುವ ಕಿರ್‌ಕಿರ್ ಸದ್ದು. ಪಡಸಾಲೆಯಲ್ಲಿ ನಿಂಬೆವ್ವ ಮೊರದಲ್ಲಿ ಎಳ್ಳು ಕೇರುತ್ತಿದ್ದಳು. ಅಡಿವೆಪ್ಪ ಹೊಸ್ತಿಲ ಹೊರಗೆ ನಿಂತು, ಕಣ್ಣು ಬೇರೆಡೆ ಇಟ್ಟು, ಬಟ್ಟಲು ಮುಂದೆ ಚಾಚಿದ.

"ಹೆಪ್ಪು."

ಮೊರ ನಿಂತಿತು.

"ಇವತ್ತು ನೀರಲ್ಲೇನ್ರಿ ಮರಿದೇವರ?"

"ಹೆಪ್ಪು," ಎಂದ ಮತ್ತೆ.

"ಆ ಕಂಬಕ್ಕ ಹೆಪ್ಪು ಹಾಕಾಕ ಬರೂದಿಲ್ಲರಿ. ಹಾಲು ಕಾಸಾಕೂ ಬರೂದಿಲ್ಲ."

ಅಡಿವೆಪ್ಪ ನೋಡಿದ. ಅವನ ಬಟ್ಟಲು ಪಡಸಾಲೆಯ ಕಂಬದ ಕಡೆಗೆ ಇತ್ತು. ಕಂಬಕ್ಕೆ ನೇರವಾಗಿ, ಒಂದು ಗೇಣು ದೂರದಲ್ಲಿ.

ಅವನಿಗೆ ನಗು ಬಂತು. ಮೊದಲು ಮೂಗಿನಲ್ಲಿ ಬಂತು, ಆಮೇಲೆ ಹೊಟ್ಟೆಯಿಂದ. ತಡೆಯಲಾಗದೆ ಹೊಸ್ತಿಲ ಮೇಲೆ ಕೂತುಬಿಟ್ಟ. ಮರಿದೇವರು ಹೀಗೆ ನಕ್ಕದ್ದನ್ನು ನಿಂಬೆವ್ವ ಯಾವತ್ತೂ ಕಂಡಿರಲಿಲ್ಲ. ಅವಳೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ಮಠದಾಗ ಹಾಲೈತೇನ್ರಿ?" ಎಂದಳು ನಗು ಇಳಿದ ಮೇಲೆ.

"ಇಲ್ಲ."

"ಗೊತ್ತೈತಿ."

"ಗೊತ್ತಿದ್ದೂ ಯಾಕ ಕೇಳತಿ?"

"ಹೊಳಿ ದಂಡ್ಯಾಗ ಇರಾವ್ರು ದಿನಾ ಊರು ದಾಟಿ ಬಂದು ನನ್ನ ಕಡೆ ನೀರು ಕೇಳತೀರಿ. ನಾ ಯಾವತ್ತರ ಯಾಕ ಅಂತ ಕೇಳೀನೇನ್ರಿ?"

ಅಡಿವೆಪ್ಪನ ಕಿವಿ ಕೆಂಪಾಯಿತು. ಹಾಡಿನಲ್ಲಿ ಇದ್ದ ಹಾಗೆಯೇ, ಎರಡೂ ಕಿವಿ.

ನಿಂಬೆವ್ವ ಒಳಗೆ ಹೋಗಿ ಬಂದಳು. ಅವನ ಬಟ್ಟಲಿಗೆ ಬೆರಳ ತುದಿಯಷ್ಟು ಹೆಪ್ಪು ಹಚ್ಚಿದಳು.

ಅವನು ಧೈರ್ಯ ಮಾಡಿ ಕೇಳಿದ, "ಬಾಳಪ್ಪನ ಹಾಡಿನಾಗ ಆ ಹುಡುಗಿ ಇಷ್ಟ ಯಾಕ ಕೊಟ್ಟಳು?"

"ಇಷ್ಟು ಓದೀರಿ, ಇದು ತಿಳೀಲಿಲ್ಲೇನ್ರಿ? ಬಟ್ಟಲ ತುಂಬ ಕೊಟ್ಟರ ನಾಳೆ ಯಾಕ ಬರ್ತಾನ ಅಂವ?"

ಅಡಿವೆಪ್ಪನಿಗೆ ದಿನಕ್ಕೆ ಒಂದೇ ಬಂದ ಎಳ್ಳಿನ ರೊಟ್ಟಿ ನೆನಪಾಯಿತು. ಎರಡು ಯಾವತ್ತೂ ಬಂದಿರಲಿಲ್ಲ. ಎಳ್ಳು ಯಾವತ್ತೂ ತಪ್ಪಿರಲಿಲ್ಲ. ಸಂತೋಷಕ್ಕೆ ಅವನ ಮುಖ ಅರಳಿತು.

ನಿಂಬೆವ್ವನ ಮುಖದಲ್ಲಿ ನಗು ಉಳಿಯಲಿಲ್ಲ.

"ಹುಣ್ಣಿಮಿಗೆ ನಿಮಗ ಕಾವಿ ಅಂತಲ್ಲರಿ."

"ಹೂಂ."

"ಹುಣ್ಣಿಮಿ ಮರುದಿನ ಹೊಳಿ ಆಚೆ ಊರಿಂದ ನನ್ನ ನೋಡಾಕ ಬರ್ತಾರ. ಅಪ್ಪ ಮಾತು ಕೊಟ್ಟಬಿಡತಾನ." ಅವಳು ಮೊರ ಎತ್ತಿಕೊಂಡಳು, ಕೇರಲಿಲ್ಲ. "ಕಾವಿ ಉಟ್ಟ ಮ್ಯಾಲೆ ಈ ಬಾಗಲಿಗೆ ನೀರು ಕೇಳಾಕ ಬರಬ್ಯಾಡ್ರಿ. ನನ್ನ ಕೈಲೆ ಕೊಡಾಕ ಆಗೂದಿಲ್ಲ."

ಅಡಿವೆಪ್ಪ ಏನಾದರೂ ಹೇಳಬೇಕಿತ್ತು. ನೂರು ಪದ್ಯ ಬಾಯಿಪಾಠ ಇದ್ದ ಹುಡುಗ. ಬಾಯಿ ತೆರೆದ, ಮುಚ್ಚಿದ, ಬಟ್ಟಲು ಹಿಡಿದುಕೊಂಡು ತಿರುಗಿ ನಡೆದುಬಿಟ್ಟ. ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡ.

ಓಣಿಯ ತಿರುವಿನಲ್ಲಿ ಒಂದು ನಾಯಿ ಬಾಲ ಆಡಿಸುತ್ತ ಎದ್ದು ಬಂತು. ಅಡಿವೆಪ್ಪ ಬಟ್ಟಲನ್ನು ಎದೆಗೆ ಅವುಚಿಕೊಂಡು ದಾಟಿ ಬಂದ.

ಮಠದಲ್ಲಿ ಹೊಳೆಯಜ್ಜ ಬಟ್ಟಲು ಇಸಿದುಕೊಂಡರು. ಒಳಗೆ ಇಣುಕಿದರು. ಬೆರಳಿನಿಂದ ಬಳಿದು, ನೆಕ್ಕಿ, ಚಪ್ಪರಿಸಿದರು.

"ಹುಳಿ ಹದವಾಗೈತಿ. ನಕ್ಕಿಯೇನು?"

"ನಕ್ಕೆನ್ರಿ."

"ಯಾರಿಗೆ?"

"ನನಗ ನಾನ ನಕ್ಕೆನ್ರಿ."

"ಹಂಗಾರ ಈಗ ಅರ್ಥ ಹೇಳು."

ಅಡಿವೆಪ್ಪನಿಗೆ ಆ ಒಂದು ವರ್ಷ ಮತ್ತೆ ಕಣ್ಣ ಮುಂದೆ ಬಂತು. ತಪ್ಪು ಹೇಳಿದರೆ ಸಾಕಿತ್ತು. ಆದರೆ ಈಗ ಬಾಳಪ್ಪ ಅವನಿಗೆ ಒಡಹುಟ್ಟಿದವನಂತೆ ಆಗಿಬಿಟ್ಟಿದ್ದ. ಅವನ ಮೇಲೆ ಸುಳ್ಳು ಹೇಳಲು ಮನಸ್ಸು ಒಪ್ಪಲಿಲ್ಲ.

"ಬಾಳಪ್ಪ ಮೂಢ ಅಲ್ಲರಿ. ಅಂವ ದೊಡ್ಡ ಧೈರ್ಯದಾಂವ. ಅಷ್ಟು ನಾಚಿಕಿ ಇಟ್ಟುಕೊಂಡೂ ದಿನಾ ಹೋಗ್ತಾನಲ್ಲ, ನಾಚಿಕಿ ಇಲ್ಲದಾಂವ ಹೋದರ ಅದೇನ ದೊಡ್ಡ ಮಾತ್ರಿ? ಎಮ್ಮಿ ಬತ್ತೇತಿ ಅಂತ ಆಕಿಗೆ ಮೊದಲ ದಿನಾನ ಗೊತ್ತು. ಗೊತ್ತೈತಿ ಅಂತ ಅವಗೂ ಗೊತ್ತು. ಅವನ ಮಾನ ಹೋಗಬಾರದು ಅಂತ ಆಕಿ ನಗಿ ನುಂಗತಾಳ. ನಾಳೆ ಅಂವ ಬರಬೇಕು ಅಂತ ಬೆರಳ ತುದಿಯಷ್ಟ ಕೊಡತಾಳ. ಹಾಡಿದವರು ಅವರಿಬ್ಬರನ್ನೂ ನೋಡಿ ನಕ್ಕಾರ, ಆದರ ಒಂದು ಮಾತೂ ಚುಚ್ಚಿಲ್ಲರಿ. ತಮ್ಮ ಮನಿ ಮಕ್ಕಳನ್ನ ನೋಡಿ ನಕ್ಕಂಗ ನಕ್ಕಾರ."

ಅಜ್ಜ ಬಟ್ಟಲು ಕೆಳಗಿಟ್ಟರು.

"ಹಾಡಿನಾಗ ಇನ್ನ ಏನ ಉಳೀತು?"

"ಹೇಳೂದೊಂದ ಉಳೀತ್ರಿ. ಬಾಳಪ್ಪ ಇನ್ನೂ ಹೇಳಿಲ್ಲ."

"ಚಲೋ ಅರ್ಥ," ಎಂದರು ಅಜ್ಜ. "ನನಗ ಒಪ್ಪಿಗಿ ಐತಿ. ಹುಣ್ಣಿಮಿಗೆ ಕಾವಿ."

ಅಡಿವೆಪ್ಪ ಖಾಲಿ ಬಟ್ಟಲನ್ನೇ ಎತ್ತಿ ಹಿಡಿದುಕೊಂಡ.

"ನಾಯಿ ಯಾರು ಅಂತ ಮಾತ್ರ ನೀ ಇನ್ನೂ ಹೇಳಿಲ್ಲ," ಎಂದು ಅಜ್ಜ ಎದ್ದರು. "ಇರಲಿ. ಅದಕ್ಕೇನ ಅವಸರ ಇಲ್ಲ."

ಮುಂದಿನ ಮೂರು ದಿನ ಅಡಿವೆಪ್ಪ ಭಿಕ್ಷೆಗೆ ಐದೇ ಮನೆಗೆ ಹೋದ. ಗಾಣದ ಮನೆಯ ಕಡೆ ಮುಖ ಹಾಕಲಿಲ್ಲ. ಹೇಳುವುದಾದರೆ ಮೊದಲು ಅಜ್ಜನಿಗೆ ಹೇಳಬೇಕು. ಅಜ್ಜನಿಗೆ ಹೇಳದೆ ಅವಳ ಎದುರು ಯಾವ ಮುಖ ಹೊತ್ತು ನಿಲ್ಲಲಿ ಎಂದು ಅವನ ಸಂಕಟ. ದಿನಕ್ಕೆ ಹತ್ತು ಸಲ ಅಜ್ಜನ ಮುಂದೆ ಹೋಗಿ ನಿಲ್ಲುತ್ತಿದ್ದ. "ಅಜ್ಜಾರ, ಈ ಶ್ಲೋಕದ ಅನ್ವಯ ಹೆಂಗ್ರಿ?" "ಅಜ್ಜಾರ, ದೀಪಕ್ಕ ಎಣ್ಣಿ ಹಾಕಲೇನ್ರಿ?" ಎಂದು ಕೇಳಿ ಹಿಂತಿರುಗುತ್ತಿದ್ದ.

ಅಜ್ಜ ಅನ್ವಯ ಹೇಳುತ್ತಿದ್ದರು. ಎಣ್ಣೆ ಹಾಕು ಎನ್ನುತ್ತಿದ್ದರು. ಮಧ್ಯಾಹ್ನ ರೊಟ್ಟಿಗಳ ನಡುವೆ ಕೈಯಾಡಿಸಿ, ಎಳ್ಳು ಸಿಗದೆ, ಸಿಕ್ಕದ್ದನ್ನು ತಿನ್ನುತ್ತಿದ್ದರು.

ಹುಣ್ಣಿಮೆಯ ಬೆಳಗಾಯಿತು.

ಮಠದ ಪಡಸಾಲೆಯಲ್ಲಿ ಅಜ್ಜ ಕೂತಿದ್ದರು. ಮುಂದೆ ಮಣೆಯ ಮೇಲೆ ಮಡಿಸಿದ ಹೊಸ ಕಾವಿ. ಅಡಿವೆಪ್ಪ ಹೊಳೆಯಲ್ಲಿ ಮಿಂದು, ಒದ್ದೆ ಪಂಚೆಯಲ್ಲೇ ಬಂದು ನಿಂತ.

"ಏನರ ಹೇಳೂದೈತೇನಪ್ಪ?"

"ಇಲ್ಲರಿ."

"ಏನರ ಕೇಳೂದು?"

"ಇಲ್ಲರಿ."

ಅಜ್ಜ ಕಾವಿಯ ಮಡಿಕೆ ಬಿಡಿಸಲು ಕೈ ಹಾಕಿದವರು ಹಾಗೇ ತಡೆದರು.

"ಅಡಿವೆಪ್ಪ, ನನಗ ಹೇಳಾಕ ಆಗದಿದ್ದರ ಆ ಕಂಬಕ್ಕ ಹೇಳು."

ಹೀಗೆಂದು ಅಜ್ಜ ಕೂತಲ್ಲೇ ತಿರುಗಿ, ಅವನಿಗೆ ಬೆನ್ನು ಮಾಡಿ, ಹೊಳೆಯ ಕಡೆ ನೋಡುತ್ತ ಕೂತರು.

ಅಡಿವೆಪ್ಪ ಮಠದ ಕಂಬದ ಹತ್ತಿರ ಹೋದ. ಅದರ ಮೇಲೆ ಅವನು ಚಿಕ್ಕವನಿದ್ದಾಗ ಗೀಚಿದ 'ಅ ಆ ಇ ಈ' ಇನ್ನೂ ಮಾಸಿರಲಿಲ್ಲ. ಹಣೆ ಕಂಬಕ್ಕೆ ತಾಗಿಸಿ ನಿಂತ.

"ನನಗ ಕಾವಿ ಬ್ಯಾಡ," ಎಂದ ಕಂಬಕ್ಕೆ.

ಕಂಬ ಸುಮ್ಮನಿತ್ತು. ಅವನಿಗೆ ಧೈರ್ಯ ಬಂತು.

"ಗಾಣದ ಮನಿ ನಿಂಬೆವ್ವನ್ನ ಲಗ್ನ ಆಗಬೇಕಂತ ಐತಿ. ನಾಳೆ ಆಕಿನ್ನ ನೋಡಾಕ ಬರ್ತಾರ. ಇವತ್ತ ಹೇಳದಿದ್ದರ ಮುಗೀತು. ಅಜ್ಜಾರಿಗೆ ವಯಸ್ಸಾಗೇತಿ, ನನ್ನ ನಂಬ್ಯಾರ. ಅವ್ವನ ಹರಕಿ ಐತಿ. ಅದನ್ನೆಲ್ಲ ನೆನಸಿದರ ಹೇಳಾಕ ಬಾಯಿ ಬರೂದಿಲ್ಲ. ಆದರ ಕಾವಿ ಉಟಗೊಂಡು, ದಿನಾ ಊರ ಆ ತುದಿ ಕಡೆ ನೋಡಕೊಂತ ಕೂತರ ಕಾವಿಗೂ ನ್ಯಾಯ ಇಲ್ಲ, ಅಜ್ಜಾರಿಗೂ ನ್ಯಾಯ ಇಲ್ಲ."

ಕಂಬವನ್ನು ಅಪ್ಪಿಕೊಂಡು ಅತ್ತುಬಿಟ್ಟ.

ಹಿಂದಿನಿಂದ ಅಜ್ಜನ ದನಿ ಬಂತು.

"ಕಂಬ ಏನಂತು?"

"ಏನೂ ಅನಲಿಲ್ಲರಿ."

"ಬೈಯಲಿಲ್ಲಲ್ಲ. ಹಂಗಾರ ಈಗ ಈ ಕಡೆ ತಿರುಗಿ ಹೇಳು."

ಅಡಿವೆಪ್ಪ ಕಣ್ಣೊರೆಸಿಕೊಂಡು ತಿರುಗಿದ. ಅಜ್ಜನೂ ತಿರುಗಿ ಕೂತಿದ್ದರು. ಅವನು ಅಜ್ಜನ ಮುಖವನ್ನೇ ನೋಡುತ್ತ, ಮೊದಲಿನಿಂದ ಕೊನೆಯವರೆಗೆ, ಎಲ್ಲವನ್ನೂ ಇನ್ನೊಮ್ಮೆ ಹೇಳಿದ. ಒಂದು ಮಾತೂ ಬಿಡಲಿಲ್ಲ.

ಅಜ್ಜ ಕಾವಿಯನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಅದರ ಅಂಚನ್ನು ಸವರಿದರು.

"ನಾನೂ ಆಸೆ ಮಾಡಿದ್ದೆನಪ್ಪ," ಎಂದರು. "ನನ್ನ ತರುವಾಯ ಈ ದೀಪಕ್ಕ ಎಣ್ಣಿ ನೀ ಹಾಕತಿ ಅಂತ. ಸುಳ್ಳ ಯಾಕ ಹೇಳಲಿ?"

ಅಡಿವೆಪ್ಪ ಬಂದು ಅವರ ಪಾದದ ಹತ್ತಿರ ಕೂತ.

"ಮತ್ತ ಹರಕಿರಿ, ಅಜ್ಜಾರ? ಅವ್ವಗ ನಾ ಏನ ಹೇಳಲಿ?"

"ಮಠಕ್ಕ ಬಿಟ್ಟ ಮಗನ್ನ ಅವನ ತೂಕದಷ್ಟ ಬೆಲ್ಲ ಕೊಟ್ಟು ಬಿಡಿಸಿಕೊಳ್ಳೂ ಪದ್ಧತಿ ನಮ್ಮ ಕಡೆ ಮೊದಲಿಂದ ಐತಿ."

"ನಮ್ಮವ್ವನ ಹತ್ರ ಅಷ್ಟ ಬೆಲ್ಲ ಎಲ್ಲಿಂದ ಬರಬೇಕ್ರಿ?"

"ಬೆಲ್ಲಾನ ಯಾಕ ಬೇಕು? ಭೋಗಿಯಿಂದ ಈ ಮಠಕ್ಕ ದಿನಾ ಒಂದು ಎಳ್ಳಿನ ರೊಟ್ಟಿ ಬಂದೈತಿ. ತಕ್ಕಡಿ ನನ್ನ ಕೈಯಾಗ ಐತಿ. ತೂಕ ಎಂದೋ ಸರಿ ಆಗೇತಿ ಅಂತ ನಿಮ್ಮವ್ವಗ ನಾ ಹೇಳತೀನಿ."

ಅಡಿವೆಪ್ಪ ಬೆಚ್ಚಿ ತಲೆ ಎತ್ತಿದ. "ಎಳ್ಳಿನ ರೊಟ್ಟಿ ಯಾರ ಮನಿದು ಅಂತ ನಿಮಗ ಗೊತ್ತಿತ್ತೇನ್ರಿ?"

"ಹೊಳಿ ಮಗ್ಗಲದಾಗ ಇರೂ ಹುಡುಗ ನೀರು ಕುಡ್ಯಾಕ ಊರು ದಾಟತಾನ ಅಂದ ಮ್ಯಾಲೆ, ನನಗ ಅಷ್ಟೂ ತಿಳಿಬಾರದೇನೋ?"

"ಮತ್ತ ಒಂದಿನಾನೂ ಕೇಳಲಿಲ್ಲರಿ!"

"ಕೇಳಿದ್ದರ ನಿನ್ನ ಮಾನ ಹೋಗತಿತ್ತು," ಎಂದರು ಅಜ್ಜ. "ಅದಕ್ಕ ಸುಮ್ಮನ ತಿಂದೆ. ಬಾಳಪ್ಪ ಆಕಿ ಕೈಲೆ ಇಸಗೊಂಡದ್ದನ್ನ ತಾ ತಿನಲಿಲ್ಲ. ದಾರ್ಯಾಗ ಯಾರಿಗೆ ನೆಕ್ಕಿಸಿದ ನೆನಪೈತೇನು?"

ನಾಯಿ ಯಾರೆಂದು ಅಡಿವೆಪ್ಪನಿಗೆ ಆಗ ತಿಳಿಯಿತು. ಅವನು ಅಜ್ಜನ ಸ್ವಲ್ಪ ಮುಂದೆ ಬಂದ ಹೊಟ್ಟೆಯನ್ನು ನೋಡಿದ, ನಾಲ್ಕು ಹಲ್ಲಿನ ನಗುವನ್ನು ನೋಡಿದ. ಅಳುತ್ತಿದ್ದವನು ನಕ್ಕ, ನಗುತ್ತ ನಗುತ್ತ ಅಜ್ಜನ ಪಾದಕ್ಕೆ ಹಣೆ ಇಟ್ಟು ಮತ್ತೆ ಅತ್ತ.

ಅಜ್ಜ ಅವನ ತಲೆಯ ಮೇಲೆ ಕೈ ಇಟ್ಟರು. ಆಮೇಲೆ ಕಾವಿ ಒಳಗಿಟ್ಟು ಬಂದು, ತಮ್ಮದೇ ಒಂದು ಬಿಳಿಯ ಪಂಚೆ ಅವನ ಕೈಗೆ ಕೊಟ್ಟರು.

"ಒದ್ದಿ ಬಟ್ಟ್ಯಾಗ ಹೋಗಬ್ಯಾಡ. ಇದನ್ನ ಉಟಗೋ. ಗಾಣದಾಂವ ಎತ್ತು ಹೂಡೂಕಿಂತ ಮೊದಲ ಹೋಗು. ಆಕಿ ಅಪ್ಪಗ ಹೇಳು, ಆಕಿಗೂ ಹೇಳು. ನೀರು ಕೇಳಬ್ಯಾಡ. ಅವರ ಮನ್ಯಾಗಿನ ಕಂಬದ ಕಡೆ ನೋಡಬ್ಯಾಡ."

ಅಡಿವೆಪ್ಪ ಪಂಚೆ ಉಟ್ಟು ಮೆಟ್ಟಿಲು ಇಳಿದ. ನಾಲ್ಕು ಹೆಜ್ಜೆ ಹೋದವನು ನಿಂತು ತಿರುಗಿದ. ಖಾಲಿ ಜೋಳಿಗೆ ಗೋಡೆಯ ಗೂಟದಲ್ಲಿ ತೂಗುತ್ತಿತ್ತು. ಅದರ ಕೆಳಗೆ ಮುದುಕ ಒಬ್ಬರೇ ಕೂತಿದ್ದರು.

"ಅಜ್ಜಾರ," ಎಂದ. "ಮತ್ತ ನಿಮ್ಮ ಊಟಾರಿ?"

ಹೊಳೆಯಜ್ಜ ಕೈ ಬೀಸಿದರು.

"ಹೋಗೋ ಮಾರಾಯಾ, ಹೊತ್ತಾತು. ಓಣಿ ನಾಯಿ ಇವತ್ತ ಉಪಾಸ ಮಾಡತೈತಿ."